ನಡುವಿನ ಸಾವಿರ ವರ್ಷ

ದಾವಣಗೆರೆಯ ನಮ್ಮ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ‘ನಿನ್ನೆ ಬಂದ ಹುಡುಗ’ ಎನ್ನುವುದಕ್ಕೆ ಅಮ್ಮಿ ‘ಕಲ್ ಆಯಾ ಸೋ ಛೋಕ್ರಾ’ ಅನ್ನುತ್ತಾಳೆ. ದಿಲ್ಲಿಯ ಕಡೆಯವರು ಕೇಳಿದರೆ ನಗುತ್ತಾರೆ. ನಗಲಿ. ಒಂದು ಕಾಲಕ್ಕೆ ‘ಅವನು’ ಎಂದು ಬೆರಳು ತೋರಿಸುತ್ತಿದ್ದ ಆ ‘ಸೋ’, ನಮ್ಮ ಮನೆಯಲ್ಲಿ ಎರಡು ಮಾತುಗಳನ್ನು ಬೆಸೆಯುವ ಕೆಲಸಕ್ಕೆ ನಿಂತಿದೆ. ಗ್ರೀಕ್ ಭಾಷೆಯಲ್ಲೂ ಹೀಗೇ ಆಗಿತ್ತು ಎಂದು ಹರಿಹರದ ಮೇಷ್ಟ್ರು ಹೇಳಿದ ದಿನವೇ ನನಗೆ ಅದರ ಹುಚ್ಚು ಹಿಡಿಯಿತು.

ಪಾದ್ರಿಯಾಗಲು ಓದುವವರಿಗೆ ಗ್ರೀಕ್ ಕಲಿಸಿ ನಿವೃತ್ತರಾದವರು ಅವರು. ನಾನು ಭಾನುವಾರ ಬಸ್ಸು ಹತ್ತಿ ಹೋಗಿ ಕಲಿತೆ. ಗ್ರೀಕ್ ವ್ಯಾಕರಣ ಕಾಲದಿಂದ ಕಾಲಕ್ಕೆ ಬದಲಾದ ಬಗೆಯನ್ನು ಕನ್ನಡದಲ್ಲೇ ಪುಸ್ತಕ ಮಾಡುತ್ತೇನೆಂದು ಹಟ ತೊಟ್ಟೆ. ಅಷ್ಟರಲ್ಲಿ ಮೇಷ್ಟ್ರ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಆ ಪುಸ್ತಕವನ್ನು ತಮ್ಮ ಕಣ್ಣಾರೆ ಓದಬೇಕು, ಅದೊಂದೇ ನನಗೆ ಬೇಕಾಗಿದ್ದದ್ದು.

ಕೆ.ಬಿ. ಬಡಾವಣೆಯ ಪ್ರೆಸ್ಸಿನ ಯಜಮಾನರು ಅಕ್ಷರ ಜೋಡಣೆ ಮುಗಿಸಿ ತಲೆ ಕೆರೆದುಕೊಂಡರು. “ಮೇಡಂ, ಈ ಸಂಬಂಧ ಸರ್ವನಾಮದ ಅಧ್ಯಾಯ ಯಾರು ಓದ್ತಾರ್ರಿ? ತೆಗದ್ ಬಿಡ್ರಿ, ಬೇಗ ಮುಗೀತೈತೆ.”

“ಎರಡು ಮಾತು ಬೆಸೆಯೋ ಪದದ ಕಥೆ ಅದು. ಅದೇ ಇಲ್ಲದಿದ್ರೆ ಪುಸ್ತಕಾನೇ ಬ್ಯಾಡ್ರಿ,” ಅಂದೆ. ಅವರು ಕರಡಿನ ಹಾಳೆಗಳನ್ನು ನನ್ನ ಕೈಗಿಟ್ಟರು. ನನ್ನ ಜೊತೆ ವಾದಕ್ಕಿಳಿದು ಗೆದ್ದವರು ಕಡಿಮೆ.

ಆ ಅಧ್ಯಾಯದ ಕರಡನ್ನು ಮೇಷ್ಟ್ರಿಗೆ ಒಯ್ದೆ. ಅವರು ಭೂತಗನ್ನಡಿ ಹಿಡಿದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ಸಾಲು ಓದಿದರು. ಗ್ರೀಕಿನ ಹಳೆಯ ಕಾವ್ಯಗಳಲ್ಲಿ ‘ಅದು, ಅವನು’ ಎಂದು ತೋರಿಸುವ ಪದವೇ ವಾಕ್ಯಗಳನ್ನೂ ಬೆಸೆಯುತ್ತಿತ್ತು. ಆಮೇಲೆ ಆ ಕೆಲಸಕ್ಕೆಂದೇ ಇರುವ, ಲಿಂಗ ವಚನ ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುವ ಸರ್ವನಾಮ ಮೇಲುಗೈ ಪಡೆಯಿತು. ಇಂದಿನ ಗ್ರೀಕ್ ಆಡುಮಾತಿನಲ್ಲಿ ‘ಪು’ ಎಂಬ ಪುಟ್ಟ ಪದ ಯಾವ ರೂಪವನ್ನೂ ಬದಲಿಸದೆ ಆ ಕೆಲಸವನ್ನೆಲ್ಲ ಮಾಡುತ್ತದೆ, ಅದು ಮೂಲತಃ ‘ಎಲ್ಲಿ’ ಎಂಬ ಅರ್ಥದ್ದು. ಇಷ್ಟನ್ನು ಬರೆದಿದ್ದೆ. ಚೆನ್ನಾಗಿದೆ ಎಂದೇ ನನ್ನ ಲೆಕ್ಕ.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. “ನಡುವಿನ ಸಾವಿರ ವರ್ಷ ಎಲ್ಲಿ ಹೋತವ್ವ? ಬೆರಳು ತೋರ್ಸೋ ಪದ ಆಗ ಮತ್ತೆ ಬೆಸೆಯೋಕೆ ಬಂದಿತ್ತಲ್ಲ. ಈ ‘ಪು’ ಒಂದೇ ಸಲಕ್ಕೆ ಎದ್ದು ಬಂತೇನು?”

“ಅದನ್ನ ಬರೀಬೇಕಂದ್ರೆ ತಿಂಗಳುಗಟ್ಟಲೆ ಬೇಕು ಸರ್. ಅಷ್ಟರಲ್ಲಿ ನಿಮ್ಮ ಕಣ್ಣು...”

“ನನ್ನ ಕಣ್ಣು ನೋಡ್ಕಂಡು ಅರ್ಧಮರ್ಧ ಪುಸ್ತಕ ಮಾಡಬ್ಯಾಡ. ಬರೆಯೋದಿದ್ರೆ ಪೂರ್ತಿ ಬರಿ.”

ವಾಪಸು ಬಸ್ಸಿನಲ್ಲಿ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಇವರಿಗೋಸ್ಕರ ನಾನು ಓಡಿದರೆ ಇವರೇ ಅಡ್ಡ ನಿಲ್ಲಬೇಕೆ? ದಾವಣಗೆರೆ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿದಿರಲಿಲ್ಲ. ಆದರೆ ಅವರು ಹೇಳಿದ್ದು ಸರಿ ಎಂದು ಗೊತ್ತಿತ್ತು. ಪ್ರೆಸ್ಸಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿ ಅಂದೆ.

“ಮೇಷ್ಟ್ರ ಕಣ್ಣಿಗೆ ಅಂತ ಅಷ್ಟು ಅವಸರ ಮಾಡ್ತಿದ್ರಲ್ರಿ?”

“ಅವರೇ ಹೇಳಿದ್ದು.”

ಅವತ್ತಿನಿಂದ ಮಧ್ಯಯುಗದ ಗ್ರೀಕ್ ಹಿಡಿದು ಕೂತಿದ್ದೇನೆ. ಎಷ್ಟು ಬರೆದೆನೋ ಅಷ್ಟನ್ನು ಭಾನುವಾರ ಒಯ್ದು ಕೊಡುತ್ತೇನೆ, ಅವರು ಓದಿ ತಿದ್ದುತ್ತಾರೆ, ನಾನು ಜಗಳವಾಡುತ್ತೇನೆ. ಮೊನ್ನೆ ಹೊಸ ಪುಟ ಕೊಟ್ಟೆ. ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದರು, ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ಆಮೇಲೆ ಪುಟವನ್ನು ನನ್ನ ಕಡೆ ಚಾಚಿದರು.

“ನೀನೇ ಓದವ್ವ,” ಅಂದರು. “ನಿಧಾನ ಓದು. ತಪ್ಪಿದ್ರೆ ತಡೀತೀನಿ.”

ಓದಿದೆ. ಎರಡನೆಯ ಸಾಲಿನಲ್ಲೇ ತಡೆದರು.