ಹೆರದೆ ಬಂದ ಹಾಲು

ಮಗಳನ್ನು ದತ್ತು ತಂದಾಗ ಅವಳಿಗೆ ಇನ್ನೂ ಕತ್ತು ನಿಂತಿರಲಿಲ್ಲ. ನನ್ನ ಹೆಂಡತಿ ಅದಕ್ಕೂ ತಿಂಗಳುಗಳ ಮುಂಚೆಯೇ ತಯಾರಿ ಶುರುಮಾಡಿದ್ದಳು. ಹೆರದವರಿಗೂ ಎದೆಹಾಲು ಬರಿಸಬಹುದು ಎಂದು ಡಾಕ್ಟರು ಹೇಳಿದ್ದರು. ಬಂದೇ ಬರುತ್ತದೆ ಎಂದು ಹೇಳಿರಲಿಲ್ಲ. ಅವರು ಕೊಟ್ಟ ಮಾತ್ರೆ ನುಂಗಿ, ಹೊತ್ತು ಹೊತ್ತಿಗೆ ಎದೆಗೆ ಪಂಪು ಹಚ್ಚಿಕೊಂಡು ಕೂರುತ್ತಿದ್ದಳು. ಪಂಪಿನ ಬಾಟಲಿ ಒಣಗಿಯೇ ಇರುತ್ತಿತ್ತು. ನಾನು ಅದನ್ನು ತೊಳೆದಿಡುತ್ತಿದ್ದೆ.

ಮಗು ಬಂದ ಮೇಲೆ ಇನ್ನೊಂದು ಉಪಾಯ. ಪುಡಿಹಾಲು ಕಲಸಿದ ಬಾಟಲಿಗೆ ದಾರದಷ್ಟು ಸಣ್ಣ ಕೊಳವೆ. ಅದರ ತುದಿಯನ್ನು ಮೊಲೆತೊಟ್ಟಿನ ಪಕ್ಕ ಅಂಟಿಸುವುದು. ಮಗು ಎದೆ ಚೀಪಿದಾಗ ಬಾಯಿಗೆ ಬಾಟಲಿಯ ಹಾಲು ಬರುತ್ತದೆ. ಚೀಪಿ ಚೀಪಿಯೇ ಎದೆಯಲ್ಲೂ ಹಾಲು ಇಳಿಯಬೇಕು.

ಇದರ ಬಗ್ಗೆ ಅಮ್ಮ ಒಂದು ಮಾತೂ ಆಡಿರಲಿಲ್ಲ. ಅವಳಿಗೆ ನಂಬಿಕೆಯಿಲ್ಲ ಎಂದೇ ನಾವು ತಿಳಿದಿದ್ದೆವು. ಒಂದು ಬೆಳಿಗ್ಗೆ ಜೋಗುಪಾಳ್ಯದ ನಮ್ಮ ಗಲ್ಲಿಗೆ ಹೂವಿನವಳು ಬಂದಳು.

“ಮಲ್ಲಿಗೆ ಬೇಡ, ಕನಕಾಂಬರ ಕೊಡು,” ಎಂದಳು ಅಮ್ಮ.

“ಇದೇನಮ್ಮಾ, ದಿನಾ ಮಲ್ಲಿಗೇನೇ ಬೇಕು ಅಂತ ತಲೆ ತಿಂತಿದ್ರಿ?”

“ಮನೇಲಿ ಹಾಲೂಡ್ಸೋಳಿದಾಳೆ ಕಣೆ! ಮಲ್ಲಿಗೆ ಒಳಗ್ ಬಂದ್ರೆ ಬತ್ತೋಗಲ್ವಾ?”

ನಮ್ಮ ಕಡೆ ಹಾಲು ನಿಲ್ಲಿಸಬೇಕಾದಾಗ ಬಾಣಂತಿಯ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಇನ್ನೂ ಬಾರದ ಹಾಲು ಬತ್ತೀತೆಂದು ಅಮ್ಮ ದೇವರಿಗೂ ಮಲ್ಲಿಗೆ ತಪ್ಪಿಸಿದ್ದಳು. ಕಿಟಕಿಯ ಬಳಿ ನಿಂತಿದ್ದ ನನ್ನ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು.

ಮಧ್ಯಾಹ್ನ ಅವಳ ತಟ್ಟೆಗೆ ಸಬ್ಬಸಿಗೆ ಸೊಪ್ಪಿನ ಸಾರು, ಸುಟ್ಟ ಬೆಳ್ಳುಳ್ಳಿ ಬಿದ್ದವು. ಬಾಣಂತಿಯ ಊಟ.

“ಅತ್ತೆ, ನಾನೇನ್ ಹೆತ್ತಿದೀನಾ?”

“ಎದೆಗೇನ್ ಗೊತ್ತು? ನೀನು ಹೇಳಕ್ಕೋಗ್ಬೇಡ, ಸುಮ್ನೆ ತಿನ್ನು.”

ಕೆಲವು ವಾರ ಕಳೆದಿರಬೇಕು. ಒಂದು ಸಂಜೆ ಎಂದಿನಂತೆ ನಾನು ಬಾಟಲಿ ಹಿಡಿದು ಕೂತಿದ್ದೆ. ಅದರೊಳಗಿನ ಹಾಲು ಇಳಿಯುತ್ತಿರಲಿಲ್ಲ. ನೋಡಿದರೆ, ಕೊಳವೆ ನನ್ನ ಮೊಣಕೈ ಕೆಳಗೆ ಮಡಚಿಕೊಂಡಿತ್ತು. ಮಗುವಿನ ಗಂಟಲು ಮಾತ್ರ ಆಡುತ್ತಿತ್ತು. ಒಂದು ಗುಟುಕು, ಸ್ವಲ್ಪ ಬಿಡುವು, ಮತ್ತೆ ಗುಟುಕು.

“ಕೊಳವೆ ಮುಚ್ಕೊಂಡಿದೆ,” ಎಂದೆ.

“ಮತ್ತೆ ಇವಳೇನ್ ಕುಡೀತಿದಾಳೆ?”

ಹೆಂಡತಿ ಮಗುವನ್ನು ಕೊಂಚ ಸರಿಸಿದಳು. ತೊಟ್ಟಿನ ತುದಿಯಲ್ಲಿ ತೆಳು ಬಿಳಿಯ ಹನಿಯೊಂದು ಮೂಡಿ, ದಪ್ಪಗಾಗಿ, ಮಗುವಿನ ಕೆನ್ನೆಗೆ ಬಿತ್ತು.

“ಅತ್ತೇ!” ಎಂದು ಅವಳು ಕೂಗಿದ ರಭಸಕ್ಕೆ ಮಗು ಬೆಚ್ಚಿ ಅಳತೊಡಗಿತು. ಅಮ್ಮ ಸೌಟು ಹಿಡಿದೇ ಓಡಿಬಂದಳು.

“ಬಂತಾ? ಬಂದ್ರೆ ಕುಡಿಸೋದ್ ಬಿಟ್ಟು ಕಿರುಚ್ತೀಯಲ್ಲೇ! ಬಾಯಿಗಿಡು ಮೊದ್ಲು.”

ಮುಂದೆಯೂ ಪುಡಿಹಾಲು ಬೇಕೇ ಆಯಿತು. ಹೊಟ್ಟೆ ತುಂಬುವಷ್ಟು ಎದೆಹಾಲು ಬರಲಿಲ್ಲ. ಆ ಸಂಜೆ ಮಾತ್ರ ಬಾಟಲಿ ಪಕ್ಕಕ್ಕಿಟ್ಟು, ನಾವು ಮೂವರೂ ಆ ಪುಟ್ಟ ಗಂಟಲನ್ನೇ ನೋಡುತ್ತ ಕೂತೆವು.