ಸೊಟ್ಟ ತಂಬಿಗೆ

ಬಿಳಿ ಹಾಳೆ ಕಂಡರೆ ನನಗೆ ಹೆದರಿಕೆ. ನಗಬೇಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡು, ದಿನವಿಡೀ ಮಾರುಕಟ್ಟೆಯಲ್ಲಿ ಗಂಟಲು ಹರಿದುಕೊಳ್ಳುವವನು ನಾನು. ಐವತ್ತು ದಾಟಿದ ಮೇಲೆ ಚಿತ್ರ ಕಲಿಯುವ ಹುಚ್ಚು ಹತ್ತಿತು. ಹುಚ್ಚಿನ ಜೊತೆಗೆ ಅಂಗೈ ಬೆವರುವುದೂ ಶುರುವಾಯಿತು.

ಐತವಾರಕ್ಕೊಮ್ಮೆ ರಾಣೆಬೆನ್ನೂರಿನಲ್ಲಿ ರಜಿಯಾ ಟೀಚರ್ ಮನೆಯ ಮಾಳಿಗೆಯ ಮೇಲೆ ಕ್ಲಾಸು. ಟೀಚರ್ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ವ್ಯಾಪಾರದ ಕೆಲಸಕ್ಕೆ ಹೊರಟಿದ್ದೇನೆ ಎಂದು ಮನೆಯಲ್ಲಿ ಹೇಳಿ, ಬುತ್ತಿಯನ್ನೂ ಕೇಳದೆ ಬಸ್ಸು ಹತ್ತುತ್ತಿದ್ದೆ. ಹೆಂಡತಿ ಶಾಂತಾ ನಕ್ಕಾಳೆಂಬ ಅಂಜಿಕೆ. ದಾರಿಯಲ್ಲಿ ಕದರಮಂಡಲಗಿ ಬಂದಾಗ, ಕೂತಲ್ಲಿಂದಲೇ ಅಲ್ಲಿನ ಗುಡಿಯ ಹನುಮಪ್ಪನಿಗೆ ಕೈಮುಗಿಯುತ್ತಿದ್ದೆ. ಸಮುದ್ರವನ್ನೇ ಹಾರಿದವನಿಗೆ ತಂಬಿಗೆ ಬರೆಯಲಾರದವನ ಸಂಕಟ ಎಲ್ಲಿ ತಿಳಿಯಬೇಕು!

ಟೀಚರ್ ಮೇಜಿನ ಮೇಲಿಟ್ಟು ನಮ್ಮಿಂದ ಬರೆಯಿಸುತ್ತಿದ್ದ ಆ ತಂಬಿಗೆ ಸಾಮಾನ್ಯದ್ದಲ್ಲ. ಅದರ ಬಾಯಿ ದುಂಡಗಿದೆ ಎಂದು ನಮಗೆಲ್ಲ ಗೊತ್ತು. ಎದುರು ಕೂತು ನೋಡಿದರೆ ಮಾತ್ರ ಅದು ಚಪ್ಪಟೆ ಮೊಟ್ಟೆಯಂತೆ ಕಾಣುತ್ತದೆ. ಕೈ ತನಗೆ ಗೊತ್ತಿದ್ದದ್ದನ್ನು ಬರೆಯುತ್ತಿತ್ತು, ಕಣ್ಣು ತಕರಾರು ತೆಗೆಯುತ್ತಿತ್ತು. ನಾನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಮಾಡಿ, ಕೊನೆಗೆ ಹರಿದು ಜೇಬಿಗೆ ತುರುಕುತ್ತಿದ್ದೆ. ಒಂದನ್ನೂ ಉಳಿಸಲಿಲ್ಲ. ಹಿಂದಿನವರು ಚಿತ್ರಕ್ಕೆ ಆರು ಅಂಗ ಹೇಳಿದ್ದಾರಂತೆ. ರೂಪ, ಪ್ರಮಾಣ, ಭಾವ, ಲಾವಣ್ಯ ಎಂದೇನೇನೋ. ಹೆದರಿಕೆಯನ್ನು ಯಾಕೋ ಬಿಟ್ಟಿದ್ದಾರೆ. ನನ್ನ ಚಿತ್ರಗಳಲ್ಲಿ ದಷ್ಟಪುಷ್ಟವಾಗಿದ್ದ ಅಂಗ ಅದೊಂದೇ.

ಒಂದು ಐತವಾರ ಟೀಚರ್ ತಂಬಿಗೆಯ ಪಕ್ಕ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಹರಡಿ, ಬಣ್ಣದಲ್ಲಿ ಬರೆಯಿರಿ ಎಂದರು. ನಾನು ಎದ್ದು ಹೋಗಿ, ಸುಕ್ಕುಗಳನ್ನು ಹತ್ತಿರದಿಂದ ನೋಡಿ ಬಂದೆ. ಸ್ವಲ್ಪ ಹೊತ್ತಿಗೆ ಗುಸುಗುಸು ಎದ್ದಿತು. ಕ್ಲಾಸಿನ ಉಳಿದವರೆಲ್ಲರ ಹಾಳೆಯಲ್ಲಿದ್ದ ಒಂದು ಕಾಯಿ ಮೇಜಿನ ಮೇಲಿಲ್ಲ! ಬಣ್ಣ ಹೋಗಿ ಬೆಳ್ಳಗಾದ ಕಾಯಿ ಅದು. ರಾಶಿಯಲ್ಲಿ ಅಂಥದ್ದು ಕಂಡರೆ ಆರಿಸಿ ಒಗೆಯುವುದು ನಮ್ಮ ಊರಿನ ಕೈಗಳಿಗೆ ರೂಢಿ. ನನಗೇ ಗೊತ್ತಾಗದಂತೆ ಎತ್ತಿ ಮೂಲೆಗೆ ಒಗೆದು ಬಂದಿದ್ದೆ. ನಾಚಿಕೆಯಿಂದ ಒಪ್ಪಿಕೊಂಡೆ.

ಟೀಚರ್ ಅದನ್ನು ಹುಡುಕಿ ತಂದು ಮೊದಲಿನ ಜಾಗದಲ್ಲೇ ಇಟ್ಟರು. "ಸಾವ್ಕಾರ್ರ, ನಾವಿಲ್ಲಿ ರೇಟ್ ಕಟ್ಟಾಕ ಕುಂತಿಲ್ರಿ. ಇದ್ದದ್ದನ್ನ ನೋಡಾಕ ಕುಂತೇವಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಚುರ್ರೆಂದಿತು. ಬೆಳಿಗ್ಗೆ ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡು ಬೈದುಕೊಳ್ಳುವವನು, ಸಂಜೆ ಆಡಿದ ಮಾತುಗಳನ್ನೆಲ್ಲ ನೆನೆದು ಛೀ ಎನ್ನುವವನು ನಾನು. ನಾನೆಂಬ ಚೀಲಕ್ಕೆ ಕೈ ಹಾಕಿದಾಗಲೆಲ್ಲ ಕೆಟ್ಟ ಕಾಯಿಯನ್ನೇ ಹೊರಗೆ ತೆಗೆದಿದ್ದೆ.

ಅವತ್ತು ಬೆಳ್ಳನೆಯ ಕಾಯಿಯನ್ನೂ ಬರೆದೆ. ತಂಬಿಗೆ ಮಾತ್ರ ಮತ್ತೆ ಸೊಟ್ಟಗಾಯಿತು. ಹರಿಯಲು ಕೈ ಹೋದದ್ದನ್ನು ಟೀಚರ್ ನೋಡಿಬಿಟ್ಟರು. ಹರಿಯಬೇಡಿ, ಮನೆಯಲ್ಲಿ ಒಬ್ಬರಿಗಾದರೂ ತೋರಿಸಿ, ಇಲ್ಲದಿದ್ದರೆ ಮುಂದಿನ ವಾರ ಬರಲೇಬೇಡಿ ಎಂದು ಕಟ್ಟಪ್ಪಣೆ ಮಾಡಿದರು. ಕ್ಲಾಸು ತಪ್ಪುತ್ತದೆ ಎಂದಾಗಲೇ ನನಗೆ ಅದು ಎಷ್ಟು ಬೇಕಾಗಿದೆ ಎಂದು ತಿಳಿದದ್ದು.

ಬಸ್ಸಿನಲ್ಲಿ ಮೊಬೈಲು ಕೂಗಿಕೊಂಡರೂ ಎತ್ತಲಿಲ್ಲ. ಹಾಳೆಯ ಸುರುಳಿ ಹಿಡಿದುಕೊಂಡು ನೆಪಗಳನ್ನು ಬಾಯಿಪಾಠ ಮಾಡುತ್ತಿದ್ದೆ: ಕಾಗದ ಸರಿಯಿರಲಿಲ್ಲ, ಬೆಳಕು ಸಾಲದಾಯಿತು, ಕಣ್ಣಿನ ಚಾಳೀಸು ಬದಲಿಸಬೇಕು.

ಮನೆಗೆ ಬಂದವನೇ ಸುರುಳಿಯನ್ನು ಶಾಂತಾಳ ಮುಂದೆ ಚಾಚಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಾಣೆಬೆನ್ನೂರಿನ ವ್ಯಾಪಾರ ಇದೇ ಏನು ಎಂದು ಕೇಳಿದಳು. ತಲೆಯಾಡಿಸಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ತಂಬಿಗಿ ಸೊಟ್ಟ ಆಗೇತಲ್ರಿ?"

ನೆಪಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಬಾಯಿಂದ ಬಂದದ್ದು ಬೇರೆ.

"ಹೌದು, ಸೊಟ್ಟ ಆಗೇತಿ. ನಾ ಇನ್ನೂ ಕಲಿಯಾಕತ್ತೇನಿ."

ಅಂಗಡಿಗೆ ಹೊಸದಾಗಿ ಬಂದ ಆಳುಗಳು ತಪ್ಪಿದಾಗ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಕಲಿಯುತ್ತಿದ್ದಾನೆ, ಬಿಡಿ ಎಂದು. ನನ್ನ ಬಗ್ಗೆ ನಾನೇ ಹಾಗೆ ಹೇಳಿಕೊಂಡದ್ದು ಅದೇ ಮೊದಲು. ಎದೆಬಡಿತ ಅಷ್ಟಕ್ಕೇ ನಿಲ್ಲಲಿಲ್ಲ, ತುಸು ಮೆತ್ತಗಾಯಿತು.

ಶಾಂತಾ ಹಾಳೆಯನ್ನು ಮಡಚದೆ ಕಪಾಟಿನ ಮೇಲೆ ಚಪ್ಪಟೆಯಾಗಿ ಇಟ್ಟಳು. "ಮುಂದಿನ ಐತವಾರ ರೊಟ್ಟಿ ಕಟ್ಟಿಕೊಡ್ತೇನಿ," ಎಂದಳು. "ಸುಳ್ಳು ಹೇಳಿ ಉಪವಾಸ ಹೋಗಬ್ಯಾಡ್ರಿ."