ರಟ್ಟಿನ ಸಿಂಹ, ಬಾಗಿಲ ಲೈಟು

ಸಿಂಹದ ಕೇಸರಕ್ಕೆ ಏನು ಹಾಕುವುದೆಂದು ಎರಡು ದಿನ ತಲೆಕೆಡಿಸಿಕೊಂಡೆ. ಉಲ್ಲನ್ ಕೊಳ್ಳುವ ಮಾತೇ ಇರಲಿಲ್ಲ. ಆ ವರ್ಷ ನಮ್ಮ ಮನೆಯವರ ಕಂಪನಿಯಲ್ಲಿ ಓವರ್‌ಟೈಮ್ ನಿಂತುಹೋಗಿ ಕೈ ಬಿಗಿಯಾಗಿತ್ತು. ಕೊನೆಗೆ ಸಿಂಕಿನ ಕೆಳಗೆ ಮಡಿಸಿಟ್ಟಿದ್ದ ದಿನಸಿ ಅಂಗಡಿಯ ಕಂದು ಕಾಗದದ ಚೀಲಗಳು ಕಣ್ಣಿಗೆ ಬಿದ್ದವು. ಉದ್ದುದ್ದ ಪಟ್ಟಿ ಕತ್ತರಿಸಿ, ಕತ್ತರಿಯ ಅಂಚಿನಿಂದ ಎಳೆದರೆ ಒಂದೊಂದೂ ಗುಂಗುರಾಗಿ ಸುತ್ತಿಕೊಂಡಿತು. ಏಳು ವರ್ಷದ ಮಗಳು ಅದನ್ನು ಮೊದಲು ತನ್ನ ತಲೆಗೇ ಇಟ್ಟುಕೊಂಡು ಕನ್ನಡಿ ನೋಡಿದಳು.

ಅಮೆರಿಕದ ಟೊರೆನ್ಸ್ ಊರಿನಲ್ಲಿ ಅದು ನಮ್ಮ ಎರಡನೆಯ ಹ್ಯಾಲೋವೀನ್. ಆ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ಹಿಂದಿನ ವರ್ಷ, ಅಂದರೆ 2001ರಲ್ಲಿ, ನಾವು ಬಂದು ಆರು ತಿಂಗಳಾಗಿತ್ತಷ್ಟೆ. ನ್ಯೂಯಾರ್ಕಿನ ಅವಳಿ ಕಟ್ಟಡಗಳು ಉರುಳಿದ ಸೆಪ್ಟೆಂಬರ್ ಕಳೆದು ಬಂದ ಅಕ್ಟೋಬರ್ ಅದು. ಮಗಳನ್ನು ಹೊರಗೆ ಕಳಿಸಲು ನಮಗೆ ಧೈರ್ಯ ಸಾಲಲಿಲ್ಲ. ಬದಲಿಗೆ ಚಾಕೊಲೇಟ್ ತುಂಬಿದ ಬೋಗುಣಿ ಕೊಟ್ಟು ಬಾಗಿಲ ಹಿಂದೆ ಕೂರಿಸಿದೆ. ಒಂದು ಮಗುವೂ ಬಾಗಿಲು ಬಡಿಯಲಿಲ್ಲ. ಎದುರುಮನೆಯ ಅಜ್ಜಿಯ ಮೊಮ್ಮಕ್ಕಳು ಅಕ್ಕಪಕ್ಕದ ಮನೆಗೆಲ್ಲ ಹೋಗಿ ನಮ್ಮ ಮನೆಯೊಂದನ್ನು ಬಿಟ್ಟು ಮುಂದೆ ಸಾಗಿದ್ದನ್ನು ಪರದೆ ಸರಿಸಿ ಕಣ್ಣಾರೆ ನೋಡಿದೆ. ನಾನು ತಲೆಗೆ ಸ್ಕಾರ್ಫ್ ಕಟ್ಟುವವಳು. ಯಾಕೆ ಬರಲಿಲ್ಲವೆಂದು ಯಾರೂ ನನಗೆ ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡೆ. ಮಾರನೆಯ ದಿನದಿಂದ ಆ ಅಜ್ಜಿ ಗಿಡಕ್ಕೆ ನೀರು ಹಾಕುತ್ತ ಕೈ ಬೀಸಿದರೆ, ಅಂಚೆ ಡಬ್ಬಿಯಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿಬಿಡುತ್ತಿದ್ದೆ. ಒಂದಿಡೀ ವರ್ಷ ಹಾಗೇ ಮಾಡಿದೆ.

ಈ ಸಲ ಮಗಳು ಒಂದೇ ಪ್ರಶ್ನೆ ಕೇಳಿದ್ದಳು, ಬರುತ್ತಾರಾ ಎಂದು. ಬರದೆ ಹೇಗಿರುತ್ತಾರೆ ನೋಡೋಣ ಎಂದು ನಾನೂ ಹಟಕ್ಕೆ ಬಿದ್ದೆ. ಹಬ್ಬದ ಅಲಂಕಾರವೆಂದು ಬೀದಿಯ ಅಂಗಳಗಳಲ್ಲೆಲ್ಲ ಎಲುಬುಗೂಡು, ಗೋರಿಕಲ್ಲು. ನಮ್ಮ ಮನೆಯವರು ಅದಕ್ಕೆ ಒಪ್ಪಲಿಲ್ಲ.

"ಹೆದರ್ಸೋದೇನೂ ಬೇಡ," ಎಂದರು. "ನಮ್ಮನ್ನ ನೋಡಿ ಹೆದರ್ಕೊಂಡಿರೋರೇ ಸಾಕು."

ಹಾಗಾಗಿ ನಮ್ಮ ಬಾಗಿಲ ಮುಂದೆ ಸರ್ಕಸ್ಸು. ಅದು ಜನರನ್ನು ಬನ್ನಿ ಬನ್ನಿ ಎಂದು ಕರೆಯುವಂಥದ್ದು. ಯಾರೋ ಬೀದಿಗೆ ಹಾಕಿದ್ದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಪಂಜರವಾಯಿತು. ನಮ್ಮ ಮನೆಯವರು ಎಂಜಿನಿಯರ್ ಅಲ್ಲವೆ, ಕಂಬಿಗಳ ನಡುವಿನ ಅಂತರವನ್ನು ಸ್ಕೇಲಿಟ್ಟು ಅಳೆದು ಕತ್ತರಿಸಿದರು. ಬಿಳಿ ಹಾಸಿಗೆ ಬಟ್ಟೆಗೆ ನನ್ನ ಹಳೆಯ ಕೆಂಪು ದುಪಟ್ಟಾದ ಪಟ್ಟಿಗಳನ್ನು ಹೊಲಿದೆ, ಡೇರೆಯಾಯಿತು. ಪೊರಕೆಯ ಕೋಲಿನ ಎರಡು ತುದಿಗೆ ಬಲೂನು ಕಟ್ಟಿ, ಮೇಲೆ ಪೇಪರ್ ಅಂಟಿಸಿ, ಕಪ್ಪು ಬಳಿದು ಪೈಲ್ವಾನನ ಭಾರ ಮಾಡಿದೆವು. ನಾನು 500 ಕೆ.ಜಿ. ಎಂದು ಬರೆದೆ. ಇಲ್ಲಿ ಪೌಂಡು ಎಂದು ಮಗಳು ಅದನ್ನು ಹೊಡೆದುಹಾಕಿದಳು.

ಮೈಸೂರಿನಲ್ಲಿ ನನ್ನ ಅಬ್ಬನದು ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿ. ಮೈದಾ ಅಂಟು ಕುದಿಸುವಾಗ ಹುಳ ಹಿಡಿಯದಿರಲೆಂದು ಅವರು ಮೈಲುತುತ್ತ ಹಾಕುತ್ತಿದ್ದರು. ನಾನು ಉಪ್ಪು ಹಾಕಿದೆ. ರಟ್ಟಿನ ಮೇಲೆ ಪೇಪರ್ ಅಂಟಿಸಿ ಮಾಡಿದ ಸಿಂಹದ ಮುಖ ಮಾತ್ರ ಸಮುದ್ರದ ಕಡೆಯ ಮಂಜಿಗೆ ಮೂರು ದಿನವಾದರೂ ಒಣಗಲಿಲ್ಲ. ಹೇರ್ ಡ್ರೈಯರ್ ಹಿಡಿದು ಕೂತಾಗ ಅಬ್ಬ ಬಹಳ ನೆನಪಾದರು. ಅವರು ಅವಸರದ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಕಣ್ಣಿಗೆ ಕಿತ್ತಳೆ ಬಣ್ಣದ ಚಾಕೊಲೇಟ್ ಕಾಗದ ಅಂಟಿಸಿ ಹಿಂದೆ ಟಾರ್ಚ್ ಇಟ್ಟೆವು. ಕತ್ತಲಿದ್ದರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತಿತ್ತು.

ಅದಕ್ಕೆಂದೇ ಆ ಸಂಜೆ ಬಾಗಿಲ ಲೈಟು ಆರಿಸಿದೆವು. ಹಾಗೆ ನೋಡಿದರೆ ಹೊರಗಿನ ಲೈಟು ಸುಮ್ಮನೆ ಉರಿದರೆ ನಮ್ಮ ಮನೆಯವರಿಗೆ ಮೈ ಉರಿಯುತ್ತಿತ್ತು. ಅದು ಹೊತ್ತಿದ್ದೇ ಅಪರೂಪ. ಮಗಳು ಅಪ್ಪನ ಕಪ್ಪು ಕೋಟು ತೊಟ್ಟು, ಉಳಿದ ರಟ್ಟಿನಲ್ಲಿ ಮಾಡಿದ್ದ ಟಿಕೆಟ್ ಕಿಟಕಿಯಲ್ಲಿ ನಿಂತಳು.

ಮಕ್ಕಳು ಬಂದರು, ನಮ್ಮ ಮುಂದೆಯೇ ನಡೆದು ಹೋದರು. ಒಬ್ಬ ಪುಟ್ಟ ಹುಡುಗ ನಿಂತು ಸಿಂಹದತ್ತ ಬೆರಳು ತೋರಿಸಿದ. ಅವನಪ್ಪ ನಮ್ಮ ಮನೆಯನ್ನೊಮ್ಮೆ ನೋಡಿ, ಅವನ ಕೈ ಹಿಡಿದು ಮುಂದೆ ಕರೆದೊಯ್ದ. ಮಗಳು ನನ್ನತ್ತ ತಿರುಗಿ, ಸಿಂಹ ಚೆನ್ನಾಗಿಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಎಲ್ಲವನ್ನೂ ಹರಿದು ಕಸದ ಡಬ್ಬಿಗೆ ತುಂಬುವಷ್ಟು ಸಿಟ್ಟು ಬಂತು.

ಆಗ ಎದುರುಮನೆಯ ಅಜ್ಜಿ ರಸ್ತೆ ದಾಟಿ ಬಂದರು. ನಾನು ಕೈ ಕಟ್ಟಿಕೊಂಡು ನಿಂತೆ. ಆಕೆ ಕೇಸರವನ್ನು ಮುಟ್ಟಿ ನೋಡಿ, ತಲೆಯೆತ್ತಿ ಬಲ್ಬಿನತ್ತ ನೋಡಿ, ಕೆಟ್ಟಿದ್ದರೆ ತನ್ನ ಬಳಿ ಇನ್ನೊಂದಿದೆ ಎಂದರು. ಕೆಟ್ಟಿಲ್ಲ, ನಾವೇ ಆರಿಸಿದ್ದು ಎಂದೆ. ಬಾಗಿಲ ಲೈಟು ಆರಿದ್ದರೆ ಈ ಮನೆಗೆ ಬರಬೇಡಿ ಎಂದು ಅರ್ಥ, ಇಲ್ಲಿನ ಮಕ್ಕಳಿಗೆಲ್ಲ ಅದು ಗೊತ್ತು ಎಂದು ಆಕೆ ನಿಧಾನವಾಗಿ ತಿಳಿಸಿದರು.

"ಹೋದ ವರ್ಷವೂ ಆರಿತ್ತು," ಎಂದರು. "ನಿಮಗೆ ಯಾರೂ ಬರೋದು ಬೇಡವೇನೋ, ತೊಂದರೆ ಕೊಡಬೇಡಿ ಅಂತ ಮೊಮ್ಮಕ್ಕಳಿಗೆ ನಾನೇ ಹೇಳಿದ್ದೆ."

ನಮ್ಮ ಮನೆಯವರು ಒಳಗೆ ಹೋಗಿ ಸ್ವಿಚ್ ಒತ್ತಿದರು. ಬೆಳಕಿನಲ್ಲಿ ಸಿಂಹದ ಕಣ್ಣು ಮಂಕಾಯಿತು, ಬಣ್ಣದಡಿಯ ಪೇಪರಿನ ಅಕ್ಷರಗಳು ಕಂಡವು. ಅಷ್ಟರಲ್ಲೇ ಮೂವರು ಮಕ್ಕಳು ಮೆಟ್ಟಿಲು ಹತ್ತಿದರು. ಟಿಕೆಟ್ ಇಲ್ಲದೆ ಚಾಕೊಲೇಟ್ ಇಲ್ಲ ಎಂದು ಮಗಳು ಅವರನ್ನು ಸಾಲಾಗಿ ನಿಲ್ಲಿಸಿದಳು.

ಆ ವರ್ಷ ಪೆಟ್ರೋಲ್ ಬಂಕಿನಲ್ಲಿ ಒಬ್ಬ ನನ್ನ ಸ್ಕಾರ್ಫ್ ನೋಡಿ ಆಡಿದ ಮಾತು ನಾನು ಕಲ್ಪಿಸಿಕೊಂಡದ್ದಲ್ಲ. ಅದನ್ನು ಈಗಲೂ ಮರೆತಿಲ್ಲ. ಆದರೆ ಅವನ ಮೇಲಿನ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಗಿಡಕ್ಕೆ ನೀರು ಹಾಕುತ್ತಿದ್ದ ಈ ಮುದುಕಿಯ ಮೇಲೆ. ನನಗೆ ನಾಚಿಕೆಯಾಯಿತು. ನೀವು ಕೈ ಬೀಸುವಾಗ ನಾನು ಬೇಕೆಂದೇ ನೋಡುತ್ತಿರಲಿಲ್ಲ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

"ಗೊತ್ತು," ಎಂದರು ಆಕೆ. "ಆದರೂ ಬೀಸ್ತಿದ್ದೆ."

ಮಗಳು ಆಕೆಗೂ ಒಂದು ಟಿಕೆಟ್ ಹರಿದುಕೊಟ್ಟಳು.